ಜೀನಿನ ಕೆಳಗಿನ ಕಂಬಳಿ

ಕುದುರೆ ಸವಾರಿಯ ಚಿತ್ರ ನೋಡುವವರ ಕಣ್ಣು ಮೊದಲು ಹೋಗುವುದು ಸವಾರನ ಮೇಲೆ, ಆಮೇಲೆ ಕುದುರೆಯ ಮೇಲೆ, ಬಹಳವೆಂದರೆ ಜೀನಿನ ಮೇಲೆ. ಜೀನಿಗೂ ಬೆನ್ನಿಗೂ ನಡುವೆ ಹಾಸಿದ ಬಟ್ಟೆಯ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಆದರೆ ನಾಲ್ಕಾರು ಹರದಾರಿ ನಡೆದ ಕುದುರೆಗೆ ಮುಖ್ಯವಾಗುವುದು ಅದೇ.

ಈ ಹಾಸು ಜೀನಿಗಿಂತ ಹಳೆಯದು. ಅಸ್ಸೀರಿಯದ ಅರಮನೆಗಳ ಉಬ್ಬುಶಿಲ್ಪಗಳಲ್ಲಿ ಸವಾರರು ಕುಳಿತಿರುವುದು ಬರಿಯ ಬಟ್ಟೆಯ ಮೇಲೆ. ಸೈಬೀರಿಯದ ಅಲ್ತಾಯ್ ಪರ್ವತಗಳ ಪಜಿರಿಕ್ ಎಂಬಲ್ಲಿ 1929ರಲ್ಲೂ 1947–49ರಲ್ಲೂ ಸೆರ್ಗೈ ರುಡೆಂಕೊ ಅಗೆಸಿದ ಸಮಾಧಿಗಳಲ್ಲಿ ಒಡೆಯರ ಜೊತೆ ಕುದುರೆಗಳನ್ನೂ ಹೂಳಲಾಗಿತ್ತು. ಒಳಗಿಳಿದ ನೀರು ಮಂಜುಗಡ್ಡೆಯಾಗಿ ನಿಂತದ್ದರಿಂದ ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಉಣ್ಣೆಯ ಹಾಸುಗಳು ಬಣ್ಣದ ಸಮೇತ ಉಳಿದುಬಂದವು.

ಅವು ನೇಯ್ದ ಬಟ್ಟೆಗಳಲ್ಲ. ಉಣ್ಣೆಯನ್ನು ಪದರಪದರವಾಗಿ ಹರಡಿ, ನೀರು ಚಿಮುಕಿಸಿ, ಸುತ್ತಿ ಉರುಳಿಸಿ ಒತ್ತಿದರೆ ಎಳೆಗಳು ಒಂದನ್ನೊಂದು ಕಚ್ಚಿಕೊಂಡು ದಪ್ಪ ಹಾಳೆಯಾಗುತ್ತದೆ. ಪಾರಸಿಯಲ್ಲಿ ಇದು ನಮದ್, ಉರ್ದುವಿನಲ್ಲಿ ನಮ್ದಾ. ಕಾಶ್ಮೀರದಲ್ಲಿ, ರಾಜಸ್ಥಾನದ ಟೋಂಕ್‌ನಲ್ಲಿ ಇಂದಿಗೂ ಇದರ ಕಸುಬುದಾರರಿದ್ದಾರೆ. ಭಾರತಕ್ಕೆ ಬಂದ ಇಂಗ್ಲಿಷರು ವಸ್ತುವಿನೊಡನೆ ಹೆಸರನ್ನೂ ಕೊಂಡೊಯ್ದರು. ಇಂಗ್ಲೆಂಡಿನ ಲಾಯಗಳಲ್ಲಿ ಜೀನಿನಡಿಯ ಹಾಸಿಗೆ ಈಗಲೂ 'ನಮ್ನಾ' ಎನ್ನುತ್ತಾರೆ. ನಮ್ಮ 'ಜೀನು' ಕೂಡ ಪಾರಸಿಯದೇ. ಪಲ್ಲಣ ಎಂಬ ಚೆಂದದ ಹಳೆಯ ಮಾತನ್ನು ಅದು ಮೂಲೆಗೆ ತಳ್ಳಿತು.

ಅಶ್ವಸೇನೆಗಳಿಗೆ ಇದು ಸಾವುಬದುಕಿನ ಪ್ರಶ್ನೆ. 1899ರಿಂದ 1902ರವರೆಗಿನ ಬೋಯರ್ ಯುದ್ಧದಲ್ಲಿ ಬ್ರಿಟಿಷರು 3 ಲಕ್ಷಕ್ಕೂ ಹೆಚ್ಚು ಕುದುರೆಗಳನ್ನು ಕಳೆದುಕೊಂಡರು. ಹಸಿವು, ದಣಿವು, ರೋಗಗಳ ಜೊತೆಗೆ ಬೆನ್ನುಹುಣ್ಣೂ ಸೇನೆಯನ್ನು ಕಾಡಿತ್ತು. ಜೀನಿನ ಕೆಳಗೆ ಮಡಿಸಿದ ಉಣ್ಣೆಯ ಕಂಬಳಿ ಹಾಕುವ ಪದ್ಧತಿಯಲ್ಲಿ ಒಂದು ಜಾಣತನವಿತ್ತು. ದಂಡಯಾತ್ರೆಯಲ್ಲಿ ಕುದುರೆ ಬಡಕಲಾಗುತ್ತದೆ, ಜೀನಿನ ಅಳತೆ ಬದಲಾಗದು. ಕಂಬಳಿಯ ಮಡಿಕೆ ಬದಲಿಸಬಹುದು. ರಾತ್ರಿ ಹೊದೆಯಲೂ ಆಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದ ಪಡೆಯೊಡನೆ ಏರಿಹೋದ ಮೈಸೂರು ಲ್ಯಾನ್ಸರ್ಸ್ ಸವಾರರ ಶೌರ್ಯ ಎಲ್ಲರಿಗೂ ಗೊತ್ತು. ಅಲ್ಲಿಯವರೆಗೆ ಹೊತ್ತು ತಂದ ಬೆನ್ನುಗಳೂ ಗಟ್ಟಿಯಾಗಿರಬೇಕಿತ್ತು.

ಹಾಸು ದಪ್ಪವಿದ್ದಷ್ಟೂ ಕುದುರೆಗೆ ಸುಖ ಎಂಬುದು ತಪ್ಪು ತಿಳಿವಳಿಕೆ. ಅಳತೆಗೆ ಸರಿಯಾದ ಬೂಟಿನೊಳಗೆ ಎರಡು ಜೊತೆ ಕಾಲುಚೀಲ ತೊಟ್ಟರೆ ಕಾಲು ಹಿಂಡುವಂತೆ, ಸರಿಯಾಗಿ ಕೂರುವ ಜೀನು ದಪ್ಪ ಹಾಸಿನಿಂದ ಬಿಗಿಯಾಗುತ್ತದೆ. ಕೆಟ್ಟ ಜೀನನ್ನು ಒಳ್ಳೆಯ ಹಾಸು ರಿಪೇರಿ ಮಾಡಲಾರದು. ಹತ್ತಿ ಬೆವರು ಹೀರುತ್ತದೆ, ಒಗೆಯಲು ಸುಲಭ. ಉಣ್ಣೆ ಮತ್ತು ಕುರಿಚರ್ಮ ಒತ್ತಡವನ್ನೂ ಹಂಚುತ್ತವೆ. ಅಗ್ಗದ ಕೃತಕ ಬಟ್ಟೆ ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ; ನಮ್ಮ ಬೇಸಗೆಗೆ ಅದು ಹೇಳಿಸಿದ್ದಲ್ಲ. ಗೋಣಿಚೀಲ ಮಡಿಸಿ ಹಾಕುವುದಂತೂ ಹಿಂಸೆ, ಅದರ ಹೊಲಿಗೆಯೇ ಚರ್ಮವನ್ನು ಉಜ್ಜುತ್ತದೆ.

ಹಾಸನ್ನು ಸ್ವಲ್ಪ ಮುಂದೆ ಇಟ್ಟು, ಕೂದಲು ಮಲಗುವ ದಿಕ್ಕಿಗೇ ಹಿಂದಕ್ಕೆ ಸರಿಸಬೇಕು. ಹೊಟ್ಟೆಯ ಪಟ್ಟಿ ಬಿಗಿಯುವ ಮೊದಲು ಹೆಗಲುಗಳ ನಡುವಿನ ಉಬ್ಬಿನ ಮೇಲೆ ಹಾಸನ್ನು ಜೀನಿನ ಗೂಡಿನೊಳಕ್ಕೆ ಎತ್ತಿ ಬಿಡಬೇಕು. ಇಲ್ಲದಿದ್ದರೆ ಅದು ಬಿಗಿದು ಬೆನ್ನೆಲುಬನ್ನೇ ಒತ್ತುತ್ತದೆ. ಅವಸರದವರು ಮರೆಯುವುದು ಇದನ್ನೇ.

ಸವಾರಿ ಮುಗಿದ ಮೇಲೆ ಬೆವರಿನ ಗುರುತು ನೋಡಬೇಕು. ಎರಡೂ ಬದಿ ಸಮನಾಗಿ ಒದ್ದೆಯಾಗಿದ್ದರೆ ಸರಿ. ಸುತ್ತ ಒದ್ದೆಯಾಗಿ ನಡುವೆ ಅಂಗೈಯಗಲ ಒಣಗಿದ್ದರೆ ಅಲ್ಲಿ ಜೀನು ಅತಿಯಾಗಿ ಒತ್ತಿರಬಹುದು, ಅಥವಾ ತಾಗದೆಯೇ ಇದ್ದಿರಬಹುದು. ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಕುದುರೆ ಬೆನ್ನು ತಗ್ಗಿಸಿದರೆ ನೋವಿದೆಯೆಂದೇ ಅರ್ಥ. ಗುಣವಾಗುವವರೆಗೆ ಜೀನು ಹಾಕಬಾರದು. ಇಂಥ ಗಾಯ ಮಾಗಿದ ಮೇಲೆ ಅಲ್ಲಿ ಬಿಳಿಯ ಕೂದಲು ಹುಟ್ಟುವುದುಂಟು. ಕಂದು ಕುದುರೆಯ ಬೆನ್ನಿನ ಮೇಲೆ ಅಂಥ ಬಿಳಿ ಮಚ್ಚೆ ಕಂಡರೆ ಅದು ಹುಟ್ಟುಮಚ್ಚೆಯೆಂದು ನಂಬುವ ಮೊದಲು ಜೀನು ಕೂರುವ ಜಾಗವೇ ಅದು ಎಂಬುದನ್ನು ಗಮನಿಸಬೇಕು.