ಮಗು ಬೇಡ ಅಂದ್ರೆ ಜೋಕರ್ ನಿಲ್ಲಬೇಕು

ವಾರಪೂರ್ತಿ ಲ್ಯಾಪ್‌ಟಾಪ್, ಭಾನುವಾರ ಕೆಂಪು ಮೂಗು. ನಾಲ್ಕು ವರ್ಷದಿಂದ ನನ್ನ ಬದುಕು ಹೀಗೇ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲಿ ಮಕ್ಕಳ ಬರ್ತ್‌ಡೇ ಅಂದ್ರೆ ಜೋಕರ್ ಆಗಿ ಹೋಗ್ತೀನಿ. ಬಲೂನಲ್ಲಿ ನಾಯಿ, ಜಿರಾಫೆ ಮಾಡ್ತೀನಿ, ಬೇಕಂತಲೇ ಜಾರಿ ಬೀಳ್ತೀನಿ.

ಶುರುವಿನ ದಿನಗಳ ಒಂದು ಸಂಜೆ ಮಾತ್ರ ಇನ್ನೂ ಚುಚ್ಚುತ್ತೆ. ಗಾಂಧಿ ಬಜಾರ್ ಹತ್ತಿರದ ಹಳೇ ಮನೆ, ಮಗುವಿಗೆ ಎರಡು ವರ್ಷ. ನನ್ನ ಬಿಳಿ ಮುಖ ನೋಡಿದ್ದೇ ತಡ, ಅಜ್ಜಿಯ ಸೆರಗಿನಲ್ಲಿ ಅಡಗಿಕೊಂಡಿತು. "ಒಂದೇ ಒಂದು ಫೋಟೋ, ಎತ್ಕೊಳ್ಳಿ ಸಾರ್" ಅಂದ್ರು ಅಪ್ಪ. ದುಡ್ಡು ಕೊಡೋರು ಅವರೇ ಅಲ್ವಾ, ಎತ್ಕೊಂಡೆ. ಮಗು ಉಸಿರು ಕಟ್ಟೋ ಹಾಗೆ ಅತ್ತಿತು. ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಮಗುವನ್ನು ನನ್ನ ಕೈಯಿಂದ ತಗೊಂಡು, "ನೀವ್ಯಾರು ಅಂತ ಅದಕ್ಕೆ ಗೊತ್ತೇ ಇಲ್ಲವಲ್ಲಪ್ಪಾ" ಅಂತ ಒಳಗೆ ಹೋದ್ರು.

ದುಡ್ಡು ಅಪ್ಪ ಅಮ್ಮಂದು, ಕೆಲಸ ಮಗುವಿನದು ಅಂತ ಅವತ್ತೇ ತಿಳೀತು. ಈಗ ಮಗು ಹೆದರಿದ್ರೆ ದೂರ ಸರಿದು, ನೆಲದ ಮೇಲೆ ಕೂತು, ಬೆನ್ನು ತಿರುಗಿಸಿ ಬಲೂನ್ ಸುತ್ತುತ್ತಾ ಇರ್ತೀನಿ. ಅದಾಗೇ ಬಂದ್ರೆ ಸರಿ, ಬರದಿದ್ರೂ ಸರಿ. ತೀರಾ ಚಿಕ್ಕವರಿರೋ ಕಡೆ ಬಿಳಿ ಬಣ್ಣವೇ ಇಲ್ಲ. ಮೂಗನ್ನು ಅವರೆದುರೇ ಹಾಕ್ಕೋತೀನಿ, ಒಳಗಿರೋದು ಮಾಮೂಲಿ ಅಂಕಲ್ ಅಂತ ಗೊತ್ತಾಗಲಿ. ಒಡೆದ ಬಲೂನಿನ ಚೂರು ಒಂದನ್ನೂ ನೆಲದಲ್ಲಿ ಬಿಡಲ್ಲ. ಅದು ಮಗುವಿನ ಗಂಟಲಿಗೆ ಸಿಕ್ಕಿಕೊಂಡ್ರೆ ಪ್ರಾಣಕ್ಕೇ ಅಪಾಯ.

ಈ ಕೆಲಸಕ್ಕೂ ಕಟ್ಟಳೆಗಳಿವೆ. ಅಮೆರಿಕದ ಜೋಕರ್‌ಗಳ ಸಂಘದ ನಿಯಮದ ಪ್ರಕಾರ ವೇಷದಲ್ಲಿದ್ದಾಗ ಕುಡಿಯೋ ಹಾಗಿಲ್ಲ, ಸಿಗರೇಟ್ ಸೇದೋ ಹಾಗಿಲ್ಲ, ಕಾರ್ಯಕ್ರಮ ಮುಗಿದ ಮೇಲೆ ಬೇಗ ಬಣ್ಣ ತೆಗೀಬೇಕು. ಒಬ್ಬರ ಮುಖವನ್ನು ಇನ್ನೊಬ್ಬರು ಕದಿಯಬಾರದು ಅನ್ನೋದು ಬರೆಯದ ನಿಯಮ. ಲಂಡನ್ನಿನ ಸ್ಟಾನ್ ಬುಲ್ಟ್ 1946ರಲ್ಲಿ ಜೋಕರ್‌ಗಳ ಮುಖಗಳನ್ನು ಮೊಟ್ಟೆಯ ಮೇಲೆ ಬರೆದಿಡೋಕೆ ಶುರು ಮಾಡಿದ್ರು. ನಮ್ಮ ಯಕ್ಷಗಾನದಲ್ಲಿ ಕಲಿಯೋ ಹುಡುಗರು ಪೂರ್ವರಂಗದ ಕೋಡಂಗಿ ವೇಷ ಕಟ್ಟಿ ಕುಣಿದು ಪಳಗ್ತಾರೆ. ನನ್ನಂಥವರು ಆನ್‌ಲೈನಲ್ಲಿ ವಿಗ್ ತರಿಸಿ ನೇರ ಮಕ್ಕಳ ಮುಂದೆ ನಿಂತುಬಿಡ್ತೀವಿ!

ಕರೆಸೋರಿಗೂ ಒಂದು ಮಾತು. ಏಪ್ರಿಲ್ ಸೆಕೆಯಲ್ಲಿ ವಿಗ್ ಹಾಕ್ಕೊಂಡು ಎರಡು ಗಂಟೆ ಕುಣಿಯೋನಿಗೆ ಒಂದು ಲೋಟ ನೀರು, ಬಟ್ಟೆ ಬದಲಿಸೋಕೆ ಬಾಗಿಲಿರೋ ಒಂದು ರೂಮು ಕೊಡಿ. ಬಾತ್‌ರೂಮ್ ತೋರಿಸಬೇಡಿ, ದಯವಿಟ್ಟು.

ಮೊನ್ನೆ ಮಲ್ಲೇಶ್ವರದಲ್ಲಿ ಬಣ್ಣ ತೊಳೆದು ಗೇಟ್ ಹತ್ತಿರ ಶೂ ಕಟ್ಕೋತಿದ್ದೆ. ಇಡೀ ಸಂಜೆ ಹತ್ತಿರ ಸುಳಿಯದ ಪುಟ್ಟ ಹುಡುಗಿ ಕಿಟಕಿಯಿಂದ "ಮೂಗೆಲ್ಲಿ?" ಅಂತ ಕೇಳಿದಳು. ಬ್ಯಾಗಿಂದ ತೆಗೆದು ತೋರಿಸಿದೆ.