ಉದುರುಕಾಯಿ ಹೆಕ್ಕುವ ವಾಡಿಕೆ

ವಯನಾಡಿನ ಕನ್ನಡ ಮನೆತನಗಳ ಕಾಫಿ ತೋಟಗಳಲ್ಲಿ ಕೊಯ್ಲಾದೊಡನೆ ಕೆಲಸ ಮುಗಿಯುವುದಿಲ್ಲ. ಆಳುಗಳು ಹೋದ ಮೇಲೆ ಮನೆಮಂದಿಯೇ ಬುಟ್ಟಿ ಹಿಡಿದು ಗಿಡದ ಬುಡದಲ್ಲಿ ಉದುರಿದ ಕಾಯಿಯನ್ನು ಹೆಕ್ಕುವುದು ಹಿಂದಿನಿಂದ ಬಂದ ವಾಡಿಕೆ. ಇದು ಬರಿಯ ಜುಗ್ಗತನವೆಂದು ನಗುವವರೂ ಉಂಟು.

ಆದರೆ ೧೯೯೦ರಲ್ಲಿ ನೆರೆಯ ನೀಲಗಿರಿಯ ಗೂಡಲೂರಿನಲ್ಲಿ ಕಾಯಿಕೊರಕ ಹುಳು ಭಾರತದಲ್ಲೇ ಮೊದಲ ಬಾರಿಗೆ ಕಾಣಿಸಿಕೊಂಡಿತು. ಅಂದಿನಿಂದ ಈ ವಾಡಿಕೆಯ ಬೆಲೆ ತಿಳಿಯಿತು. ಎಳ್ಳಿಗಿಂತಲೂ ಚಿಕ್ಕದಾದ ಈ ಕರಿಯ ಹುಳು ಕಾಯಿಯ ಹೊಕ್ಕುಳಲ್ಲಿ ತೂತು ಕೊರೆದು ಒಳಹೊಕ್ಕು ಬೀಜದಲ್ಲೇ ಮೊಟ್ಟೆಯಿಡುತ್ತದೆ. ಮರಿಗಳು ಬೀಜವನ್ನೇ ತಿಂದು ಬೆಳೆಯುತ್ತವೆ. ಗಿಡದಲ್ಲಿ ಉಳಿದ, ನೆಲಕ್ಕೆ ಬಿದ್ದ ಕಾಯಿಗಳೇ ಮುಂದಿನ ಫಸಲಿನವರೆಗೆ ಅದಕ್ಕೆ ಮನೆ. ಒಳಗಿರುವ ಹುಳುವಿಗೆ ಮದ್ದು ತಾಗುವುದು ಕಷ್ಟ.

ತೂಕದ ಮೇಲೆ ಕೂಲಿ ಪಡೆಯುವ ಆಳು ಒಂದೊಂದು ಕಾಯಿಗೂ ಬಗ್ಗುವುದಿಲ್ಲ. ಅದು ಅವನ ತಪ್ಪೂ ಅಲ್ಲ. ಮನೆಯವರೇ ಬಗ್ಗಬೇಕು. ಕೊಯ್ಯುವಾಗ ಗಿಡದಡಿ ಚಾಪೆ ಹಾಸಿರಿ. ತೂತುಬಿದ್ದ ಕಾಯಿಗಳನ್ನು ಕುದಿಯುವ ನೀರಿನಲ್ಲಿ ೨-೩ ನಿಮಿಷ ಅದ್ದಿ ತೆಗೆದು ಆಮೇಲೆ ಕಣದಲ್ಲಿ ಒಣಗಿಸಿರಿ. ರೊಬಸ್ಟಾ ಚೆರಿಯ ತೇವ ಶೇಕಡಾ ೧೧ಕ್ಕೆ ಇಳಿದರೆ ಉಗ್ರಾಣದಲ್ಲಿ ಹುಳು ಹೆಚ್ಚದು.

ಪಕ್ಕದ ತೋಟದವರೂ ಹೆಕ್ಕಿದರೆ ಮಾತ್ರ ಪೂರ್ಣ ಫಲ. ಹುಳುವಿಗೆ ಬೇಲಿಯ ಹಂಗಿಲ್ಲ.