ಮಂದೆ ಕಾಯುವ ನಾಯಿ ಫ್ಲ್ಯಾಟಿಗೆ ಬಂದರೆ

ಮೇ ತಿಂಗಳ ಬಿಸಿಲು ತಾಳಲಾರದೆ ದೆಹಲಿ, ಗುರುಗ್ರಾಮದ ನಮ್ಮವರು ಮಕ್ಕಳನ್ನು ಕರೆದುಕೊಂಡು ಹಿಮಾಚಲದ ದಾರಿ ಹಿಡಿಯುತ್ತಾರೆ. ಅಲ್ಲಿ ಢಾಬಾಗಳ ಮುಂದೆ, ಹೋಂಸ್ಟೇ ಅಂಗಳಗಳಲ್ಲಿ ಉಣ್ಣೆಯ ಉಂಡೆಯಂಥ ನಾಯಿಮರಿಗಳು ಓಡಾಡುತ್ತಿರುತ್ತವೆ. ಕಪ್ಪು ಮೈ, ಎದೆಯ ಮೇಲೊಂದು ಬಿಳಿ ಮಚ್ಚೆ, ದಪ್ಪ ಪಾದ. ಮಕ್ಕಳು ಒಮ್ಮೆ ಎತ್ತಿಕೊಂಡರೆ ಇಳಿಸಲು ಒಪ್ಪುವುದಿಲ್ಲ. ಯಾರೋ ಒಂದು ಬೆಲೆ ಹೇಳುತ್ತಾರೆ. ಊಟ ಮುಗಿಯುವುದರೊಳಗೆ ವ್ಯವಹಾರ ಕುದುರಿ, ಮರಿ ಕಾರಿನ ಹಿಂದಿನ ಸೀಟಿಗೆ ಬಂದಿರುತ್ತದೆ.

ಇವು ಗದ್ದಿ ಅಥವಾ ಭೋಟಿಯಾ ನಾಯಿಗಳ ಮರಿಗಳು, ಎಷ್ಟೋ ಸಲ ಎರಡರ ಬೆರಕೆ. ಚಂಬಾ, ಕಾಂಗ್ರಾ ಸೀಮೆಯ ಗದ್ದಿ ಕುರಿಗಾಹಿಗಳು ಬೇಸಿಗೆಯಲ್ಲಿ ಲಾಹೌಲ್‌ನ ಎತ್ತರದ ಹುಲ್ಲುಗಾವಲಿಗೆ, ಚಳಿಗಾಲದಲ್ಲಿ ಶಿವಾಲಿಕ್‌ ತಪ್ಪಲಿಗೆ ಮಂದೆ ಹೊಡೆದುಕೊಂಡು ಹೋಗುತ್ತಾರೆ. ಜೊತೆಗಿರುವ ನಾಯಿಯ ಕೆಲಸ ಚಿರತೆ, ಕರಡಿಗಳಿಂದ ಕುರಿಗಳನ್ನು ಉಳಿಸುವುದು. ಚಿರತೆ ಕುತ್ತಿಗೆಗೇ ಬಾಯಿ ಹಾಕುವುದರಿಂದ ಅದಕ್ಕೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟುವುದೂ ಉಂಟು. ನಮ್ಮ ಮುಧೋಳ ನಾಯಿಗೆ ಸಿಕ್ಕಂಥ ಅಧಿಕೃತ ತಳಿ ಮಾನ್ಯತೆ 2025ರಲ್ಲಿ ಗದ್ದಿಗೂ ಸಿಕ್ಕಿತು. ಅಲ್ಲಿಂದೀಚೆಗೆ ‘ಸ್ವದೇಶಿ ತಳಿ ಸಾಕೋಣ’ ಎನ್ನುವ ಉತ್ಸಾಹವೂ ಸೇರಿಕೊಂಡಿದೆ. ಉತ್ಸಾಹ ಒಳ್ಳೆಯದೇ. ಆದರೆ ಮುಧೋಳ ನಾಯಿ ಓಡಿ ಬೇಟೆಯಾಡುವಂಥದ್ದು, ಗದ್ದಿ ನಿಂತು ಕಾಯುವಂಥದ್ದು. ಈ ವ್ಯತ್ಯಾಸವನ್ನು ಮರಿ ತರುವ ಮೊದಲೇ ತಿಳಿಯಬೇಕು.

ಕುರಿ ಅಟ್ಟುವ ನಾಯಿ ಬೇರೆ, ಕುರಿ ಕಾಯುವ ನಾಯಿ ಬೇರೆ. ಬಾರ್ಡರ್ ಕೋಲಿ, ಜರ್ಮನ್ ಶೆಫರ್ಡ್‌ನಂಥವು ಒಡೆಯನ ಸಿಳ್ಳೆ, ಸನ್ನೆಗಳನ್ನು ನೋಡುತ್ತ ಕೆಲಸ ಮಾಡಿದ ವಂಶದವು. ಅದಕ್ಕೇ ಬೇಗ ಪಾಠ ಕಲಿಯುತ್ತವೆ. ಕಾವಲು ತಳಿಯದ್ದು ಹಾಗಲ್ಲ. ಕುರಿಗಾಹಿ ಮಲಗಿರುವ ಹೊತ್ತಿನಲ್ಲಿ, ಕತ್ತಲಲ್ಲಿ, ಯಾರನ್ನೂ ಕೇಳದೆ ತಾನೇ ನಿರ್ಧರಿಸಬೇಕಾದ ನಾಯಿ ಅದು. ನಾಲ್ಕು ಸಲ ಕರೆದರೂ ಬಾರದಿದ್ದರೆ ಅದನ್ನು ದಡ್ಡತನ ಎನ್ನಲಾಗದು. ಊರಿನಲ್ಲಿ ಹೊಲದಲ್ಲಿ ಕುರಿಮಂದೆ ಇಳಿಸಿದಾಗ ರಾತ್ರಿ ಆ ಕಡೆ ಹಾದವರಿಗೆ ಇದು ಗೊತ್ತು. ನಾಯಿ ಮೊದಲು ದೂರದಿಂದಲೇ ಬೊಗಳುತ್ತದೆ, ಇನ್ನೂ ಮುಂದೆ ಬಂದರೆ ಎದುರು ನಿಲ್ಲುತ್ತದೆ.

ಇದೇ ನಾಯಿ ಹನ್ನೊಂದನೇ ಮಹಡಿಗೆ ಬಂದರೆ ಏನಾಗುತ್ತದೆ? ಕೆಲಸ ಬಿಡುವುದಿಲ್ಲ. ಲಿಫ್ಟಿನ ಬಾಗಿಲು ತೆರೆದ ಸದ್ದು, ರಾತ್ರಿ ಪಾಳಿ ಮುಗಿಸಿ ಬರುವ ಪಕ್ಕದ ಮನೆಯವರು, ಬೆಳಗಿನ ಜಾವದ ಹಾಲಿನ ಹುಡುಗ, ಎಲ್ಲರೂ ಅದರ ಲೆಕ್ಕದಲ್ಲಿ ಮಂದೆಯ ಹತ್ತಿರ ಬಂದ ಅಪರಿಚಿತರೇ. ಸಾಕುನಾಯಿಯನ್ನು ಪೂರ್ತಿ ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ಹಿಡಿದು ಸಂಘದವರ ಜೊತೆ ವಾದ ಗೆಲ್ಲಬಹುದು, ಪಕ್ಕದ ಮನೆಯವರಿಗೆ ನಿದ್ದೆ ಕೊಡಲಾಗದು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಮನೆಯ ಮಕ್ಕಳೊಂದಿಗೆ ಈ ನಾಯಿಗಳು ಬಹಳ ತಾಳ್ಮೆಯಿಂದ ಇರುತ್ತವೆ, ಏಕೆಂದರೆ ಅವರು ಅದರ ಮಂದೆ. ಆದರೆ ಆಟಕ್ಕೆ ಬಂದ ಗೆಳೆಯ ನಿಮ್ಮ ಮಗನನ್ನು ಕೆಡವಿ ಕಿರುಚಿಸಿದರೆ, ಅದು ಆಟವೋ ಜಗಳವೋ ನಾಯಿಗೆ ತಿಳಿಯದೆ ಹೋಗಬಹುದು. ಮನೆಗೆ ನೆಂಟರು, ಮಕ್ಕಳು, ಕೆಲಸದವರು ಸದಾ ಬಂದು ಹೋಗುವುದಿದ್ದರೆ ಈ ಒಂದು ಮಾತನ್ನು ಎರಡು ಸಲ ಯೋಚಿಸಬೇಕು.

ಎರಡು ತಿಂಗಳಲ್ಲಿ ಮಡಿಲಲ್ಲಿ ಹಿಡಿಸುವ ಮರಿ ಬೆಳೆದು 40 ಕಿಲೋ ಆಸುಪಾಸಿಗೆ ಬರುತ್ತದೆ. ಟಿಬೆಟನ್ ಮ್ಯಾಸ್ಟಿಫ್ ಆದರೆ 60 ದಾಟಬಹುದು. ಕಾವಲಿನ ಬುದ್ಧಿ ಪೂರ್ತಿ ಬಲಿಯುವುದು ಎರಡು, ಮೂರನೇ ವರ್ಷದಲ್ಲಿ. ಒಂದು ವರ್ಷದವರೆಗೆ ‘ಎಷ್ಟು ಸಾಧು’ ಎನಿಸಿದ್ದು ಆಮೇಲೆ ಬದಲಾಗುವುದು ಇದಕ್ಕೇ. ಮೈಮೇಲಿನ ಎರಡು ಪದರದ ತುಪ್ಪಳ ಹಿಮಕ್ಕಾಗಿ ಇರುವುದು. ದೆಹಲಿಯ 45 ಡಿಗ್ರಿಯಲ್ಲಿ ಹಗಲು ಹೊರಗೆ ಬಿಡುವಂತಿಲ್ಲ, ಎ.ಸಿ. ಬೇಕೇ ಬೇಕು. ಬೋಳಿಸಿದರೆ ತಂಪಾಗುತ್ತದೆ ಎನ್ನುವುದೂ ತಪ್ಪು. ಬಿಸಿಲಿನಿಂದ ಚರ್ಮವನ್ನು ಕಾಪಾಡುವುದೂ ಅದೇ ತುಪ್ಪಳ.

ಇಷ್ಟೆಲ್ಲ ತಿಳಿದೂ ಬೇಕು ಎನ್ನುವವರಿಗೆ, ಆರಿಸುವ ಕ್ರಮವೊಂದಿದೆ. ಮರಿಗಿಂತ ಮೊದಲು ತಾಯಿಯನ್ನು ನೋಡಿ. ಒಡೆಯ ಜೊತೆಗಿರುವಾಗ ಅಪರಿಚಿತರನ್ನು ಅದು ಸಹಿಸುತ್ತದೆಯೇ, ಸೊಂಟ ವಾಲಿಸದೆ ನಡೆಯುತ್ತದೆಯೇ ಗಮನಿಸಿ. ಭಾರಿ ತಳಿಗಳಲ್ಲಿ ಸೊಂಟದ ಕೀಲಿನ ದೋಷ ವಂಶದಲ್ಲೇ ಬರುತ್ತದೆ. ತಾಯಿಯನ್ನು ತೋರಿಸದವರ ಹತ್ತಿರ ಕೊಳ್ಳಬೇಡಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಶ್ವಾನ ತಳಿ ಸಂವರ್ಧನೆ ನಿಯಮವೇ ಹೇಳುತ್ತದೆ. ಎಲ್ಲರಿಗಿಂತ ಮುಂದೆ ನುಗ್ಗುವ ಮರಿಯೂ ಬೇಡ, ಮೂಲೆಯಲ್ಲಿ ಅಡಗುವುದೂ ಬೇಡ. ಹತ್ತಿರ ಬಂದು ಮೂಸಿ, ಎತ್ತಿಕೊಂಡರೆ ಸ್ವಲ್ಪ ಹೊತ್ತಿಗೆ ಸಮಾಧಾನವಾಗುವ ಮರಿ ಮನೆಗೆ ಒಳ್ಳೆಯದು.

ತಂದ ಮೇಲಿನ ಮೊದಲ ಆರು ವಾರ ಚಿನ್ನದಂಥವು. ನಾಯಿ ಯಾರನ್ನು ತನ್ನವರೆಂದು ಒಪ್ಪುತ್ತದೆ ಎಂಬುದು ಬಹುಮಟ್ಟಿಗೆ ಸುಮಾರು ಮೂರರಿಂದ ಹದಿನಾಲ್ಕು ವಾರದೊಳಗೆ ನಿಶ್ಚಯವಾಗುತ್ತದೆ. ಕುರಿಗಳ ನಡುವೆ ಬೆಳೆದ ಮರಿ ಕುರಿಗಳನ್ನು ಕಾಯುವುದೂ ಇದೇ ಕಾರಣಕ್ಕೆ. ಲಸಿಕೆಗಳು ಮುಗಿಯುವವರೆಗೆ ನೆಲಕ್ಕೆ ಬಿಡದೆ, ಎತ್ತಿಕೊಂಡಾದರೂ ಲಿಫ್ಟು, ಗೇಟು, ಮಕ್ಕಳು, ಸಮವಸ್ತ್ರದವರು, ಹೆಲ್ಮೆಟ್ ಹಾಕಿದವರು ಎಲ್ಲರನ್ನೂ ತೋರಿಸಿ. ಮನೆಯ ನುಣುಪು ಟೈಲ್ಸ್ ಮೇಲೆ ಮ್ಯಾಟ್ ಹಾಸಿ, ಮೆಟ್ಟಿಲು ಹತ್ತಿಸಬೇಡಿ. ಬೇಗ ದಪ್ಪವಾಗಲಿ ಎಂದು ಕ್ಯಾಲ್ಸಿಯಂ ಸಿರಪ್ ಸುರಿಯಬೇಡಿ. ಹೆಚ್ಚಾದ ಕ್ಯಾಲ್ಸಿಯಂ ದೊಡ್ಡ ತಳಿಯ ಮರಿಗಳ ಎಲುಬು ಕೆಡಿಸುತ್ತದೆ. ಪಾಲಿಕೆಯಲ್ಲಿ ನೋಂದಣಿ, ವರ್ಷವರ್ಷದ ರೇಬೀಸ್ ಲಸಿಕೆ ತಪ್ಪಿಸಬೇಡಿ.

ಕಾನೂನಿನ ಗಾಳಿಯೂ ಗೊತ್ತಿರಲಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ‘ಉಗ್ರ’ವೆಂದು ಪಟ್ಟಿ ಮಾಡಿ ನಿರ್ಬಂಧಿಸಲು ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಕಕೇಶಿಯನ್ ಶೆಫರ್ಡ್, ಕಂಗಾಲ್‌ನಂಥ ಮಂದೆ ಕಾಯುವ ತಳಿಗಳೂ ಅದರಲ್ಲಿದ್ದವು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದುಪಡಿಸಿತು. ಸುತ್ತೋಲೆ ಹೋದರೂ ನಾಯಿ ಕಚ್ಚಿದರೆ ಹೊಣೆ ಒಡೆಯನದೇ.

ಹೊರರಾಜ್ಯದಲ್ಲಿ ಕೆಲಸದಲ್ಲಿರುವ ನಮಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ವರ್ಗಾವಣೆಯದು. ನಾಯಿಯ ಆಯಸ್ಸು ಹತ್ತು, ಹನ್ನೆರಡು ವರ್ಷ. ನಮ್ಮ ಬಾಡಿಗೆ ಕರಾರು ಹನ್ನೊಂದು ತಿಂಗಳು. ದೆಹಲಿಯಿಂದ ಚೆನ್ನೈಗೆ ಹೋಗಬೇಕಾದರೆ ರೈಲಿನಲ್ಲಿ ಎ.ಸಿ. ಮೊದಲ ದರ್ಜೆಯ ಪೂರ್ತಿ ಕೂಪೆ ಸಿಗಬೇಕು, ಇಲ್ಲವೇ ಗಾರ್ಡ್ ಬ್ರೇಕ್‌ವ್ಯಾನಿನ ಪೆಟ್ಟಿಗೆ. ಅಲ್ಲಿ ಇಳಿದ ಮೇಲೆ ಇಷ್ಟು ದೊಡ್ಡ ನಾಯಿಗೆ ಒಪ್ಪುವ ಮನೆ ಮಾಲೀಕ ಸಿಗಬೇಕು. ಪುಣೆ, ಹೈದರಾಬಾದಿನ ಹೊರವಲಯದಲ್ಲಿ ತೋಟದ ಮನೆ ಇದೆ, ಅಲ್ಲಿ ಬಿಡುತ್ತೇವೆ ಎನ್ನುವವರಿದ್ದಾರೆ. ವಾರವಿಡೀ ಸರಪಳಿಯಲ್ಲಿ ಒಂಟಿಯಾಗಿ ಕಟ್ಟಿಹಾಕಿದರೆ ಮಂದೆಯಿಲ್ಲದ ಕಾವಲು ನಾಯಿ ಕೆರಳುತ್ತದೆ. ಅಲ್ಲಿಯೇ ವಾಸಿಸುವ ಸಂಸಾರ, ನಾಲ್ಕು ಆಡುಕುರಿ, ಸುತ್ತ ಭದ್ರವಾದ ಬೇಲಿ ಇದ್ದರೆ ಮಾತ್ರ ಅದು ಸುಖವಾಗಿರುತ್ತದೆ.

ಆದ್ದರಿಂದ ಢಾಬಾದ ಮುಂದೆ ದುಡ್ಡು ಎಣಿಸುವ ಮೊದಲು ಮನೆಯವರೆಲ್ಲ ಕೂತು ಮೂರು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಿ. ಹಗಲು ಇದು ಯಾರ ಜೊತೆ ಇರುತ್ತದೆ? ರಾತ್ರಿ ಏನನ್ನು ಕಾಯುತ್ತದೆ? ವರ್ಗವಾದರೆ ಯಾರ ಜೊತೆ ಹೋಗುತ್ತದೆ? ಮೂರಕ್ಕೂ ಉತ್ತರವಿದ್ದರೆ ಧಾರಾಳವಾಗಿ ತನ್ನಿ, ಅದರಂಥ ನಿಷ್ಠೆಯ ನಾಯಿ ಸಿಗುವುದು ಕಷ್ಟ. ಒಂದಕ್ಕೆ ಉತ್ತರವಿಲ್ಲದಿದ್ದರೂ ಮಕ್ಕಳಿಗೆ ಅಲ್ಲೇ ಆಡಿಸಲು ಬಿಟ್ಟು ವಾಪಸು ಬನ್ನಿ. ನಾಯಿ ಬೇಕೇಬೇಕೆಂದರೆ ನಿಮ್ಮ ಬಡಾವಣೆಯ ಬೀದಿಯಲ್ಲೇ, ಅಲ್ಲಿನ ಬಿಸಿಲಿಗೆ ಒಗ್ಗಿದ ಮರಿಯೊಂದು ಸಿಕ್ಕೇ ಸಿಗುತ್ತದೆ.